ಸ್ಯಾಂಪಲ್ ಸರಿಯಿದ್ದರೆ ಫಲಿತಾಂಶ ಸರಿ



ಗರ್ಬರ್ ವಿಧಾನದ ಫ್ಯಾಟ್ ಪರೀಕ್ಷೆಗೆ ಬೇಕಾಗುವ ಹಾಲು 10.75 ಮಿ.ಲೀ. ಮಾತ್ರ. ನೀವು ಸಂಘಕ್ಕೆ 10 ಲೀಟರ್ ಹಾಕಿದರೆ, ಅದರ ಸಾವಿರದಲ್ಲಿ ಒಂದು ಪಾಲು ಇಡೀ ಹಾಲಿನ ದರ ತೀರ್ಮಾನಿಸುತ್ತದೆ. ಯಂತ್ರದಲ್ಲಿ ಪರೀಕ್ಷಿಸಿದರೂ ಅಷ್ಟೇ, ಬಾಟಲಿಗೆ ಬಂದ ಹಾಲಿನ ಲೆಕ್ಕವನ್ನಷ್ಟೇ ಅದು ಹೇಳುತ್ತದೆ.

ಹಾಲು ನಿಂತರೆ ಕೊಬ್ಬು ಮೇಲೇರುತ್ತದೆ. ಕರೆಯುವಾಗಲೂ ಮೊದಲ ಹಾಲು ತೆಳು, ಕೊನೆಯ ಹಾಲು ಗಟ್ಟಿ. ಆದ್ದರಿಂದ ಕೊನೆಯ ಹನಿಯವರೆಗೆ ಕರೆಯಿರಿ. ಎರಡು ಪಾತ್ರೆಯಲ್ಲಿ ತಂದಿದ್ದರೆ ಒಂದಕ್ಕೆ ಸುರಿದು, ತಳದಿಂದ ಮೇಲಕ್ಕೆ ನಿಧಾನವಾಗಿ ಕಲಕಿದ ಮೇಲೆಯೇ ಸ್ಯಾಂಪಲ್ ತೆಗೆಯಬೇಕು. ಜೋರಾಗಿ ಕಲಕಿ ನೊರೆ ಎಬ್ಬಿಸಬೇಡಿ. ನೊರೆ ಇದ್ದರೂ, ಹಾಲು ಬಿಸಿಯಿದ್ದರೂ ಲ್ಯಾಕ್ಟೋಮೀಟರ್ ಡಿಗ್ರಿ ಕಡಿಮೆ ತೋರಿಸುತ್ತದೆ. "ಕಲಕಿ ತೆಗೆಯಿರಿ" ಎಂದು ಹಾಲು ಪರೀಕ್ಷಕರನ್ನು ಕೇಳಲು ಸಂಕೋಚ ಬೇಡ.

ಕೆಚ್ಚಲು ಬಾವಿನ ಪರೀಕ್ಷೆಗೆ ಮಾತ್ರ ನಿಯಮ ಇದಕ್ಕೆ ತದ್ವಿರುದ್ಧ. ಅಲ್ಲಿ ಬೆರೆಸಲೇಬಾರದು. ಬಾವು ಒಂದೇ ಮೊಲೆಯಲ್ಲಿರಬಹುದು. ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಪ್ರತಿ ಮೊಲೆಯ ಹಾಲು ಬೇರೆ ಬಾಟಲಿಯಲ್ಲಿರಬೇಕು. ಸೂಜಿ ಹಾಕಿಸುವ ಮೊದಲೇ ಹಾಲು ತೆಗೆಯಿರಿ. ಆಮೇಲೆ ತೆಗೆದರೆ ರೋಗಾಣು ಅಡಗಿಕೊಂಡು ವರದಿ ದಾರಿ ತಪ್ಪಿಸುತ್ತದೆ.

ತೆಗೆಯುವ ಕ್ರಮ ಹೀಗಿದೆ:

• ಕೈ, ಮೊಲೆ ತೊಳೆದು ಒಣಗಿಸಿ. ಸ್ಪಿರಿಟ್ ಹತ್ತಿಯಿಂದ ಮೊಲೆಯ ತುದಿ ಒರೆಸಿ. ದೂರದ ಮೊಲೆಗಳನ್ನು ಮೊದಲು ಒರೆಸಿ. ಹಾಲು ತೆಗೆಯುವಾಗ ಹತ್ತಿರದವನ್ನು ಮೊದಲು ಹಿಡಿಯಿರಿ. ಆಗ ಒರೆಸಿದ ಮೊಲೆಗೆ ಕೈ ತಾಗುವುದಿಲ್ಲ.
• ಮೊದಲ ಎರಡು-ಮೂರು ಧಾರೆಗಳನ್ನು ಒಂದು ಬಟ್ಟಲಿಗೆ ಬಿಡಿ, ಕೊಟ್ಟಿಗೆಯ ನೆಲಕ್ಕೆ ಬೇಡ.
• ಪಶುವೈದ್ಯರು ಕೊಟ್ಟ ಶುದ್ಧ ಬಾಟಲಿಯನ್ನು ಓರೆಯಾಗಿ ಹಿಡಿದು 10 ಮಿ.ಲೀ. ತುಂಬಿಸಿ. ಮುಚ್ಚಳದ ಒಳಭಾಗ ಮುಟ್ಟಬೇಡಿ.
• ಕಿವಿಯೋಲೆ ಸಂಖ್ಯೆ, ಯಾವ ಮೊಲೆ, ದಿನಾಂಕ ಬರೆಯಿರಿ.
• ಕೂಡಲೇ ಐಸ್ ಮೇಲಿಡಿ.

ಹರಿಹರದಿಂದ ದಾವಣಗೆರೆಗೆ ಬಸ್ಸಿನ ದಾರಿ ದೂರವೇನಲ್ಲ. ಆದರೂ ಏಪ್ರಿಲ್ ಬಿಸಿಲಲ್ಲಿ ಐಸ್ ಇಲ್ಲದ ಬಾಟಲಿ ಕೈಚೀಲದಲ್ಲಿದ್ದರೆ ಸಗಣಿ, ಕೈಗಳಿಂದ ಸೇರಿದ ರೋಗಾಣು ಬೆಳೆದು ನಿಜವಾದ ರೋಗಾಣುವನ್ನು ಮುಚ್ಚಿಬಿಡಬಹುದು. ವರದಿ ತಪ್ಪಿದರೆ ಔಷಧಿ ತಪ್ಪುತ್ತದೆ. ಔಷಧಿಯ ದುಡ್ಡೂ ಹೋಗಿ, ಅಷ್ಟು ದಿನದ ಹಾಲೂ ಚೆಲ್ಲಿ, ಕೊನೆಗೆ ಮೊಲೆಯೇ ಬತ್ತಬಹುದು.

ಹಾಲಿನಲ್ಲಿ ಗರಣೆ ಕಂಡ ದಿನವೇ ಪಶುವೈದ್ಯರಿಗೆ ತಿಳಿಸಿ, ಬಾಟಲಿ ಕೇಳಿ ಪಡೆಯಿರಿ.