ಉಪ್ಪುನೀರಿಗೆ ಬಣ್ಣ ಕಚ್ಚುವುದಿಲ್ಲ

ಹೊಸ ಬಟ್ಟೆಯನ್ನು ಮೊದಲ ಸಲ ಒಗೆಯುವ ಮುನ್ನ ಹಿಡಿ ಕಲ್ಲುಪ್ಪು ಹಾಕಿದ ನೀರಿನಲ್ಲಿ ನೆನೆಸಿಟ್ಟರೆ ಬಣ್ಣ ಗಟ್ಟಿಯಾಗುತ್ತದೆ, ಆಮೇಲೆ ಅದನ್ನು ಬೇರೆ ಬಟ್ಟೆಗಳ ಜೊತೆ ಧೈರ್ಯವಾಗಿ ಹಾಕಬಹುದು ಎಂಬ ನಂಬಿಕೆ ಮನೆಮನೆಯಲ್ಲಿದೆ. ಗಾಢ ಬಣ್ಣದ್ದೆಲ್ಲ ಬಣ್ಣ ಬಿಡುತ್ತದೆ, ಹಾಗಾಗಿ ಬಣ್ಣ ನೋಡಿ ಬೇರ್ಪಡಿಸಿದರೆ ಸಾಕು ಎಂಬುದು ಅದರ ಜೋಡಿ ನಂಬಿಕೆ. ಎರಡೂ ಪೂರ್ತಿ ನಿಜವಲ್ಲ. ಬಟ್ಟೆ ಬಣ್ಣ ಬಿಡುತ್ತದೋ ಇಲ್ಲವೋ ಎಂಬುದು ಅದಕ್ಕೆ ಬಣ್ಣ ಹಾಕಿದ ಕಾರ್ಖಾನೆಯಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಉಪ್ಪಿಗೆ ಈ ಹೆಸರು ಬಂದದ್ದು ಸುಮ್ಮನೆ ಅಲ್ಲ. ನೀರಿಗೆ ಬಿದ್ದ ಹತ್ತಿ ನೂಲಿನ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ; ಹತ್ತಿಗೆ ಹಾಕುವ ಸಾಮಾನ್ಯ ಬಣ್ಣಗಳದ್ದೂ ಅದೇ ಅಂಶ. ಹಾಗಾಗಿ ಇವೆರಡೂ ಒಂದನ್ನೊಂದು ದೂಡುತ್ತವೆ. ಡೈಯಿಂಗ್ ಘಟಕದಲ್ಲಿ ಉಪ್ಪು ಸುರಿಯುವುದು ಈ ದೂಡಾಟ ತಗ್ಗಿಸಿ ಬಣ್ಣವನ್ನು ನೂಲಿನತ್ತ ಸರಿಸಲು. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳು ಹತ್ತಿಯೊಡನೆ ರಾಸಾಯನಿಕ ಬಂಧವನ್ನೇ ಬೆಸೆಯುತ್ತವೆ. ಆದರೆ ಅದಕ್ಕೆ ಬೇಕಾದದ್ದು ವಾಷಿಂಗ್ ಸೋಡಾದಂಥ ಕ್ಷಾರ, ಉಪ್ಪಲ್ಲ. ಬಣ್ಣದ ಒಂದು ಪಾಲು ಬಟ್ಟೆಯ ಬದಲು ನೀರಿನೊಡನೆಯೇ ವರ್ತಿಸಿ, ಅಂಟುವ ಗುಣ ಕಳೆದುಕೊಳ್ಳುತ್ತದೆ. ಈ ಪಾಲನ್ನು ಬಿಸಿ ಸೋಪುನೀರಿನಲ್ಲಿ ತೊಳೆದು ತೆಗೆಯಬೇಕು. ಅಲ್ಲಿ ಕೈ ಬಿಗಿಹಿಡಿದರೆ ಉಳಿಕೆ ಬಣ್ಣ ನಮ್ಮ ಬಕೆಟ್ಟಿಗೆ ಇಳಿಯುತ್ತದೆ. ಎಷ್ಟು ಉಪ್ಪು ಸುರಿದರೂ ಅದಕ್ಕೆ ಕಳೆದ ಗುಣ ಮರಳುವುದಿಲ್ಲ.

‘ಉಪ್ಪು ಹಾಕಿದ ಮೇಲೆ ನಮ್ಮಲ್ಲಿ ಬಣ್ಣ ಹೋಗಿಲ್ಲವಲ್ಲ’ ಎಂದು ಯಾರಾದರೂ ಕೇಳಬಹುದು. ಉಪ್ಪುನೀರಿನಲ್ಲಿ ಇರುವಷ್ಟು ಹೊತ್ತು ಸಡಿಲ ಬಣ್ಣ ನೂಲು ಬಿಟ್ಟು ಬರಲು ಹಿಂಜರಿಯುತ್ತದೆ, ನೀರು ತಿಳಿಯಾಗಿ ಕಾಣುತ್ತದೆ. ಬರಿ ನೀರಿಗೆ ಹಾಕಿದಾಗ ಅದು ಮತ್ತೆ ಇಳಿಯುತ್ತದೆ. ಎರಡು ಮೂರು ಒಗೆತದಲ್ಲಿ ಉಳಿಕೆ ಬಣ್ಣ ತಾನಾಗಿ ಮುಗಿದಾಗ ಕೀರ್ತಿ ಮಾತ್ರ ಉಪ್ಪಿಗೆ ಸಲ್ಲುತ್ತದೆ. ವಿನೆಗರ್ ಕಥೆಯೂ ಹೀಗೇ: ರೇಷ್ಮೆ, ಉಣ್ಣೆಗೆ ಬಣ್ಣ ಹಾಕುವಾಗ ಬಿಸಿಯ ಜೊತೆ ಆಮ್ಲ ಬೇಕು ನಿಜ, ಹತ್ತಿ ಬಟ್ಟೆಯನ್ನು ತಣ್ಣೀರು ವಿನೆಗರಿನಲ್ಲಿ ಅದ್ದಿದರೆ ಪ್ರಯೋಜನವಿಲ್ಲ. ಪಟಿಕ ಕೂಡ ಮಂಜಿಷ್ಠದಂಥ ಸಸ್ಯಬಣ್ಣವನ್ನು ಹಿಡಿಸಲು ನೆರವಾಗುವ ವಸ್ತುವೇ ಹೊರತು, ಅಂಗಡಿಯಿಂದ ತಂದ ಸಿದ್ಧ ಉಡುಪಿನ ಬಣ್ಣ ನಿಲ್ಲಿಸುವ ಮದ್ದಲ್ಲ.

ಇನ್ನು ಬಣ್ಣ ನೋಡಿ ಬೇರ್ಪಡಿಸುವ ಮಾತು. ಪಾಲಿಯೆಸ್ಟರಿಗೆ ಸುಮಾರು 130 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಒತ್ತಡದಲ್ಲಿ ಬಣ್ಣವನ್ನು ಎಳೆಯ ಒಳಕ್ಕೇ ಸೇರಿಸುತ್ತಾರೆ. ಆದ್ದರಿಂದ ಕಪ್ಪು ಪಾಲಿಯೆಸ್ಟರ್ ಸೀರೆ ತಣ್ಣೀರಿನಲ್ಲಿ ಸಾಮಾನ್ಯವಾಗಿ ಬಣ್ಣ ಬಿಡುವುದಿಲ್ಲ. ಜೀನ್ಸಿನ ನೀಲಿ ಹಾಗಲ್ಲ. ಅದು ದಾರದ ಹೊರಮೈಯಲ್ಲೇ ಕೂತಿರುವುದರಿಂದ ವರ್ಷಗಳಾದರೂ ಉಜ್ಜಿದಷ್ಟೂ ಸವೆಯುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗಿನೊಳಗೇ ಬಿಳಿ ವಿನ್ಯಾಸವಿದ್ದರೆ ಬೇರ್ಪಡಿಸುವುದು ಯಾವುದನ್ನು? ಅಂಥ ಸೀರೆಯನ್ನು ನೆನೆಹಾಕಿ ಮರೆತರೆ, ಇಲ್ಲವೇ ಹಿಂಡಿ ಮುದ್ದೆ ಮಾಡಿಟ್ಟರೆ ಬಿಟ್ಟ ಬಣ್ಣ ಪಕ್ಕದ ಬಿಳಿಗೆ ಹತ್ತುತ್ತದೆ. ಬೇಗ ಒಗೆದು, ಧಾರಾಳ ನೀರಿನಲ್ಲಿ ಜಾಲಾಡಿ, ಕೂಡಲೇ ಹರವುವುದೇ ಅದಕ್ಕೆ ರಕ್ಷೆ.

ಹಾಗಾದರೆ ಬೇರ್ಪಡಿಸುವುದೇ ಬೇಡವೇ? ಬೇಕು. ಬಿಳಿಯನ್ನು ಬೇರೆ ಇಡಲು ಬಣ್ಣವೊಂದೇ ಕಾರಣವಲ್ಲ. ಕೊಳೆ ಬಟ್ಟೆಯಿಂದ ನೀರಿಗೆ ಬಂದ ಮಣ್ಣು ಜಿಡ್ಡು ಬಿಳಿಯ ಮೇಲೆ ಮತ್ತೆ ಕೂತು ಅದನ್ನು ಮಬ್ಬಾಗಿಸುತ್ತದೆ. ಉಳಿದವುಗಳಿಗೆ ಕಣ್ಣಂದಾಜಿಗಿಂತ ಪರೀಕ್ಷೆ ಮೇಲು. ಜವಳಿ ಪ್ರಯೋಗಾಲಯದಲ್ಲಿ ಬಟ್ಟೆಯ ತುಂಡಿಗೆ ಬಿಳಿ ಬಟ್ಟೆ ಹೊಲಿದು ಒಗೆದು, ಬಿಳಿಗೆ ಹತ್ತಿದ ಕಲೆಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 5 ಎಂದರೆ ಕಲೆಯೇ ಇಲ್ಲ. ಮನೆಯಲ್ಲಿ ಸೋಪುನೀರಿನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಹೊಸ ಉಡುಪಿನ ಒಳಹೊಲಿಗೆಯ ಮೇಲೆ ಒತ್ತಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ, ಹತ್ತುವುದು ನಿಲ್ಲುವವರೆಗೂ ಒಂಟಿಯಾಗಿಯೇ ಒಗೆಯಿರಿ. ಅಷ್ಟಾಗಿಯೂ ಬೇರೆ ಬಟ್ಟೆಗೆ ಬಣ್ಣ ಹತ್ತಿದರೆ ಒಣಗಲು ಬಿಡದೆ, ಹಸಿ ಇರುವಾಗಲೇ ಮತ್ತೊಮ್ಮೆ ಸೋಪು ಹಾಕಿ ಒಗೆಯಬೇಕು. ಆ ಬಣ್ಣ ಅಲ್ಲೂ ಗಟ್ಟಿಯಾಗಿ ಕಚ್ಚಿರುವುದಿಲ್ಲವಾದ್ದರಿಂದ ಬಹಳಷ್ಟು ಸಲ ಬಿಟ್ಟು ಹೋಗುತ್ತದೆ.