ಕಡಲಾಚೆಯ ಬಾಳೆಕಾಯಿ ಬಟ್ಟಲು, ನಮ್ಮ ಬಾಣಲೆಯಲ್ಲಿ

ಶ್ರಾವಣದ ಸಂಜೆ, ಹೊರಗೆ ಜಿಟಿಜಿಟಿ ಮಳೆ. ಅಂಗಡಿಯಿಂದ ಬಂದವರಿಗೆ ಬಿಸಿಯಾಗಿ ಏನಾದರೂ ಕರಿದದ್ದು ಬೇಕೆನಿಸುತ್ತದೆ. ಆದರೆ ಚಾತುರ್ಮಾಸದಲ್ಲಿ ನಮ್ಮ ಮನೆಗಳಲ್ಲಿ ಆಲೂಗಡ್ಡೆಯಿಲ್ಲ, ಈರುಳ್ಳಿಯಿಲ್ಲ, ಎಷ್ಟೋ ಮನೆಗಳಲ್ಲಿ ಸೊಪ್ಪೂ ಇಲ್ಲ. ಹಾಗಾದರೆ ಏನು ಕರಿಯುವುದು? ಈ ಪ್ರಶ್ನೆ ನಮ್ಮ ಮನೆಯಲ್ಲಿ ಬರೀ ತಿಂಡಿಯ ಪ್ರಶ್ನೆಯಾಗಿ ಉಳಿದಿರಲಿಲ್ಲ.

ನಮ್ಮದು ಅಗಳಿ. ಆಂಧ್ರದ ಮಡಕಶಿರಾ ಸೀಮೆಯ ಊರು. 2022ರಲ್ಲಿ ಅನಂತಪುರ ಜಿಲ್ಲೆ ಒಡೆದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು. ಕಾಗದಪತ್ರ ತೆಲುಗಿನಲ್ಲಿ, ಮನೆಮಾತು ಕನ್ನಡದಲ್ಲಿ. ಮನೆಯ ಹಿರಿಯರಾದ ಅಜ್ಜಿ ಕಂದಮೂಲ ಬಿಟ್ಟು ಬಹಳ ವರ್ಷವಾಯಿತು, ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟುವುದಿಲ್ಲ. ಮೊಮ್ಮಗ ಓದಿಗೆಂದು ಅಮೆರಿಕಕ್ಕೆ ಹೋಗಿ ಬಂದವನು, ಆಲೂ ಬೋಂಡ ಇಲ್ಲದ ಸಂಜೆ ಅವನಿಗೆ ಸಪ್ಪೆ. ಅಜ್ಜಿಗೆ ಒಂದು ಒಲೆ, ಅವನಿಗೆ ಹೊರಗಿನ ತಿಂಡಿ ಎಂದಾಗಿತ್ತು. ಅಜ್ಜಿ ಬೈಯುತ್ತಿರಲಿಲ್ಲ, ತಟ್ಟೆ ಹಿಡಿದು ಒಳಗಿನ ಕೋಣೆಗೆ ಹೋಗುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು ಎಂದು ನಮಗೆ ಅನಿಸುತ್ತಿತ್ತು.

ಹೀಗಿರುವಾಗ ಮೊಮ್ಮಗನೇ ಒಂದು ಮಾತು ಹೇಳಿದ. ಅವನಿದ್ದ ಕಡೆ ಪಕ್ಕದ ಮನೆಯವರು ಪೋರ್ಟೊ ರಿಕೊದವರಂತೆ. ಬಾಳೆಕಾಯಿಯ ಪುಟ್ಟ ಬಟ್ಟಲು ಮಾಡಿ ಕರಿದು, ಒಳಗೆ ಹೂರಣ ತುಂಬಿ ಕೊಡುತ್ತಿದ್ದರಂತೆ. ಹೂರಣದಲ್ಲಿ ಮಾಂಸವಿದ್ದುದರಿಂದ ಇವನು ಖಾಲಿ ಬಟ್ಟಲನ್ನಷ್ಟೇ ತಿಂದು ಬರುತ್ತಿದ್ದ. "ಒಳಗಿನದನ್ನು ಬದಲಾಯಿಸಿದರೆ ಅಜ್ಜಿಯೂ ತಿನ್ನಬಹುದಲ್ಲ?" ಎಂದ.

ಆ ಸೀಮೆಯಲ್ಲಿ ಇದಕ್ಕೆ 'ತೊಸ್ತೋನೆಸ್ ರೆಯೇನೋಸ್' ಎನ್ನುತ್ತಾರೆ. ಮಾಗಿದ ಬಾಳೆಯ ಸೀಳುಗಳನ್ನು ಸುತ್ತಿ ಹೂರಣ ತುಂಬಿ ಕರಿದರೆ ಅದು 'ಪಿಯೋನೋನೋ'. ಬಾಳೆ ಮಾತ್ರ ಅಲ್ಲಿಯ ಗಿಡವಲ್ಲ. ಅದರ ಮೂಲ ನಮ್ಮ ಏಷ್ಯಾದ ಕಡೆಯದು. 1516ರಲ್ಲಿ ತೋಮಾಸ್ ದೆ ಬೆರ್ಲಾಂಗ ಎಂಬ ಸ್ಪೇನಿನ ಪಾದ್ರಿ ಕ್ಯಾನರಿ ದ್ವೀಪಗಳಿಂದ ಹಿಸ್ಪಾನಿಯೋಲ ದ್ವೀಪಕ್ಕೆ ಅದನ್ನು ಒಯ್ದನೆಂದು ಹೇಳುತ್ತಾರೆ. ನಮ್ಮ ಕಡೆಯಲ್ಲೂ ಇದಕ್ಕೆ ನೆಂಟರಿದ್ದಾರೆ. ಕಾಸರಗೋಡು, ಮಲಬಾರಿನ ಮನೆಗಳಲ್ಲಿ ಮಾಗಿದ ನೇಂದ್ರ ಬಾಳೆಯನ್ನು ಸೀಳಿ, ತೆಂಗಿನತುರಿ, ಸಕ್ಕರೆ, ಏಲಕ್ಕಿ ತುಂಬಿ, ಸೀಳನ್ನು ಹಿಟ್ಟಿನಿಂದ ಮುಚ್ಚಿ ಕರಿಯುತ್ತಾರೆ.

ಮೊದಲ ದಿನ ನಾವು ಸೋತೆವು. ಮನೆಯಲ್ಲಿದ್ದ ಮಾಗಿದ ಏಲಕ್ಕಿ ಬಾಳೆಯನ್ನೇ ಎಣ್ಣೆಗೆ ಬಿಟ್ಟೆವು. ಅದು ಕರಗಿ, ಕಪ್ಪಾಗಿ, ಬಾಣಲೆಗೆ ಅಂಟಿತು. ಅಷ್ಟರಲ್ಲಿ ಹೊತ್ತು ಮುಳುಗಿತು, ಅಜ್ಜಿ ಬಾಯಿ ಮುಕ್ಕಳಿಸಿ ಎದ್ದರು. ಕಾರಣ ಆಮೇಲೆ ತಿಳಿಯಿತು. ಕಾಯಿಯಲ್ಲಿ ಇರುವುದು ಪಿಷ್ಟ. ಮಾಗಿದಂತೆ ಅದು ಸಕ್ಕರೆಯಾಗುತ್ತದೆ, ಸಕ್ಕರೆ ಬೇಗ ಸೀಯುತ್ತದೆ. ಬಟ್ಟಲಿಗೆ ಬೇಕಾದದ್ದು ಗಟ್ಟಿ ಹಸಿರು ಕಾಯಿ. ನೇಂದ್ರವಾದರೆ ಉತ್ತಮ, ಸಿಗದಿದ್ದರೆ ಪಲ್ಯಕ್ಕೆ ಬಳಸುವ ಬೂದುಬಾಳೆ ಸಾಕು.

ಬೇಕಾಗುವ ಸಾಮಗ್ರಿಗಳು (16 ಬಟ್ಟಲಿಗೆ):
ದೊಡ್ಡ ಬಾಳೆಕಾಯಿ 4, ಹೆಸರುಬೇಳೆ ಅರ್ಧ ಬಟ್ಟಲು, ತೆಂಗಿನತುರಿ ಅರ್ಧ ಬಟ್ಟಲು, ಹುರಿದು ತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ ಕಾಲು ಬಟ್ಟಲು, ಒಣಮೆಣಸಿನಕಾಯಿ 2, ಜೀರಿಗೆ, ಕಾಳುಮೆಣಸಿನ ಪುಡಿ, ಒಣಶುಂಠಿ ಪುಡಿ ಕಾಲು ಚಮಚ, ಅರಿಶಿನ, ಇಂಗು, ನಿಂಬೆರಸ, ಉಪ್ಪು, ಕರಿಯಲು ಕಡಲೆಕಾಯಿ ಎಣ್ಣೆ.

ಹಸಿಶುಂಠಿ ಕಂದಮೂಲವಾದ್ದರಿಂದ ಬಿಟ್ಟಿದ್ದೇವೆ. ಒಣಶುಂಠಿಯಿಂದ ರುಚಿಗೆ ಕೊರತೆಯಾಗದು. ಮಳೆಗಾಲವಾದ್ದರಿಂದ ಬೇಳೆಯನ್ನು ಬೆಳಕಿನಲ್ಲಿ ಚೆನ್ನಾಗಿ ಆರಿಸಿಕೊಳ್ಳಿ.

ಮಾಡುವ ವಿಧಾನ:
ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ, ಸ್ವಲ್ಪವೇ ನೀರಿನಲ್ಲಿ ಕಾಳು ಕಾಳಾಗಿ ಬೇಯಿಸಿ. ಒಗ್ಗರಣೆಗೆ ಜೀರಿಗೆ, ಇಂಗು, ಮುರಿದ ಮೆಣಸಿನಕಾಯಿ, ಅರಿಶಿನ ಹಾಕಿ, ಬೇಳೆ, ತೆಂಗಿನತುರಿ, ಕಡಲೆಕಾಯಿ ತರಿ, ಮೆಣಸಿನ ಪುಡಿ, ಶುಂಠಿ ಪುಡಿ, ಉಪ್ಪು ಸೇರಿಸಿ ನೀರಾರುವವರೆಗೆ ಬಾಡಿಸಿ. ಇಳಿಸಿದ ಮೇಲೆ ನಿಂಬೆರಸ ಹಿಂಡಿ.

ಕೈಗೆ ಎಣ್ಣೆ ಸವರಿಕೊಂಡು ಕಾಯಿಯ ಸಿಪ್ಪೆ ತೆಗೆಯಿರಿ, ಇಲ್ಲವಾದರೆ ಬಾಳೆಯ ಸೊನೆ ಕೈಗೆ ಕಲೆ ಮಾಡುತ್ತದೆ. ಒಂದೊಂದು ಕಾಯಿಯನ್ನು ನಾಲ್ಕು ದಪ್ಪ ತುಂಡು ಮಾಡಿ ಉಪ್ಪು ನೀರಿಗೆ ಹಾಕಿ. ಗಾಳಿ ತಾಗದಿದ್ದರೆ ಕಾಯಿ ಬೇಗ ಕಪ್ಪಾಗುವುದಿಲ್ಲ. ನೀರನ್ನು ಪೂರ್ತಿ ಒರೆಸಿ, ಹದ ಉರಿಯಲ್ಲಿ ತುಂಡುಗಳು ಮೆತ್ತಗಾಗುವವರೆಗೆ ಕರಿದು ತೆಗೆಯಿರಿ. ಬಣ್ಣ ತಿರುಗಬೇಕಾಗಿಲ್ಲ.

ಬಿಸಿಯಿರುವಾಗಲೇ ಒತ್ತಬೇಕು, ಆರಿದರೆ ಬಿರಿಯುತ್ತದೆ. ನಿಂಬೆಹಣ್ಣು ಹಿಂಡುವ ಮರದ ಒತ್ತಿಗೆ ಎಣ್ಣೆ ಸವರಿ, ತುಂಡನ್ನು ನಿಲ್ಲಿಸಿ ಮೆಲ್ಲಗೆ ಒತ್ತಿದರೆ ಚೆಂದದ ಬಟ್ಟಲಾಗುತ್ತದೆ. ಮತ್ತೆ ಕಾದ ಎಣ್ಣೆಯಲ್ಲಿ ಹೊಂಬಣ್ಣ ಬರುವಂತೆ ಕರಿಯಿರಿ. ಮೊದಲ ಕರಿತ ಬೇಯಿಸುವುದಕ್ಕೆ, ಎರಡನೆಯದು ಗರಿಗರಿಗೆ. ಬಡಿಸುವ ಹೊತ್ತಿಗೆ ಹೂರಣ ತುಂಬಿ. ಮೊದಲೇ ತುಂಬಿಟ್ಟರೆ ಬಟ್ಟಲು ಮೆತ್ತಗಾಗುತ್ತದೆ.

ಎರಡನೇ ಭಾನುವಾರ ಮಧ್ಯಾಹ್ನವೇ ಹೂರಣ ಮಾಡಿಟ್ಟೆವು. ಐದೂವರೆಗೆ ಬಾಣಲೆ ಒಲೆಯ ಮೇಲಿತ್ತು, ಮೊಮ್ಮಗನೇ ಒತ್ತು ಹಿಡಿದು ಕೂತ. ಬಟ್ಟಲುಗಳು ಸಿದ್ಧವಾದಾಗ ಉತ್ಸಾಹದಲ್ಲಿ ಮೊಸರಿನ ಬೋಗುಣಿ ತಂದಿಟ್ಟ. ಅಜ್ಜಿ ಕೈ ಅಡ್ಡ ಹಿಡಿದರು. "ಒಳಗೆ ಬೇಳೆ ಇದೆಯಪ್ಪ, ಹಸಿ ಮೊಸರು ಸೇರಿದರೆ ದ್ವಿದಳ ದೋಷ." ನಾವು ಉಸಿರು ಬಿಗಿಹಿಡಿದೆವು. ಅವನು ಮರುಮಾತಾಡದೆ ಬೋಗುಣಿಯನ್ನು ಒಳಗಿಟ್ಟು, ಹುಣಸೆ ಬೆಲ್ಲದ ಗೊಜ್ಜು ತಂದ. "ಇದಾಗುತ್ತದಾ ಅಜ್ಜಿ?"

"ಆಗುತ್ತದೆ, ಕೂತುಕೋ" ಎಂದರು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಅಜ್ಜಿ ಎರಡು ತಿಂದರು, ಮೂರನೆಯದನ್ನು ಮುರಿದು ಅರ್ಧ ಅವನಿಗೆ ಕೊಟ್ಟರು.

ಅವನು ಆಲೂಗಡ್ಡೆ ಬಿಟ್ಟನೇ ಎಂದು ಕೇಳಬೇಡಿ, ನಾವೂ ಕೇಳಿಲ್ಲ. ಭಾನುವಾರ ಬಂದರೆ ಮಾತ್ರ ನಾಲ್ಕು ಗಂಟೆಗೇ ಬಾಳೆಕಾಯಿ ತಂದು, "ಹೊತ್ತು ಮುಳುಗುವ ಮೊದಲು ಆಗಬೇಕು" ಎಂದು ನಮ್ಮನ್ನೇ ಅವಸರ ಮಾಡುತ್ತಾನೆ.