ಸಂಕಮ್ಮನ ಕಥೆ ಮತ್ತು ಕ್ಷಮೆಯ ಅರ್ಥ



ಗಂಡಹೆಂಡಿರ ನಡುವೆ ನಂಬಿಕೆದ್ರೋಹ ನಡೆದಾಗ ‘ಕ್ಷಮಿಸಿಬಿಡು’ ಎಂಬ ಮಾತು ಬಹು ಬೇಗ ಕೇಳಿಬರುತ್ತದೆ. ಅದು ಬರುವುದು ನೊಂದವರ ಬಾಯಿಂದಲ್ಲ, ಜಗಲಿಯ ಮೇಲೆ ಕುಳಿತ ಹಿರಿಯರ ಬಾಯಿಂದ. ಆ ಮಾತಿನ ಅರ್ಥವೇನೆಂಬುದನ್ನು ಈ ದಿನ ಸ್ವಲ್ಪ ವಿಚಾರಿಸೋಣ.

ಸಂಸ್ಕೃತದಲ್ಲಿ ಕ್ಷಮ್ ಎಂಬ ಧಾತುವಿಗೆ ಸಹಿಸು ಎಂದರ್ಥ. ಭೂಮಿಗೆ ಕ್ಷಮಾ ಎಂಬ ಹೆಸರುಂಟು. ನಮ್ಮ ಜನ ಇಲ್ಲಿಗೇ ನಿಂತು, ಹೆಣ್ಣು ಭೂಮಿಯಂತೆ ಸಹಿಸಬೇಕೆಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಅದೇ ಧಾತುವಿನಿಂದ ಹುಟ್ಟಿದ ‘ಕ್ಷಮ’ ಎಂಬ ಶಬ್ದಕ್ಕೆ ಸಮರ್ಥ ಎಂಬ ಅರ್ಥವಿದೆ. ಸರ್ಕಾರಿ ಕಾಗದಗಳಲ್ಲಿ ‘ಸಕ್ಷಮ ಪ್ರಾಧಿಕಾರ’ ಎಂದು ಬರೆಯುತ್ತಾರಲ್ಲ, ಅಲ್ಲಿರುವುದೂ ಇದೇ ಪದ. ಒಲ್ಲೆನೆನ್ನುವ ಶಕ್ತಿಯುಳ್ಳವರು ಕೊಡುವುದು ಕ್ಷಮೆ. ಬೇರೆ ದಾರಿ ಕಾಣದೆ ಬಾಯಿ ಮುಚ್ಚಿಕೊಂಡಿರುವುದು ಕ್ಷಮೆಯಲ್ಲ, ಬರಿಯ ನಿರುಪಾಯ.

ಇದಕ್ಕೆ ದೃಷ್ಟಾಂತ ನಮ್ಮ ಸೀಮೆಯಲ್ಲೇ ಇದೆ. ಚಾಮರಾಜನಗರ, ಗುಂಡ್ಲುಪೇಟೆಯ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ನೀವೆಲ್ಲ ಕಂಸಾಳೆಯವರು ಹಾಡುವ ಸಂಕಮ್ಮನ ಸಾಲನ್ನು ಕೇಳಿದ್ದೀರಿ. ಸೋಲಿಗರ ನೀಲೇಗೌಡ ಕಾಡಿಗೆ ಹೊರಟು ನಿಂತಾಗ, ತಾನು ಬರುವವರೆಗೆ ಶೀಲಗೆಡುವುದಿಲ್ಲವೆಂದು ಭಾಷೆ ಕೊಡು ಎಂದು ಹೆಂಡತಿಯನ್ನು ಕೇಳಿದ. ಆಕೆ ಕೊಡಲೊಪ್ಪಲಿಲ್ಲ. ಅವಳಲ್ಲಿ ದೋಷವಿದ್ದುದರಿಂದಲ್ಲ, ಕೈ ಹಿಡಿದವಳಿಂದ ಮತ್ತೆ ಭಾಷೆ ಕೇಳುವುದೇ ನಂಬಿಕೆ ಮುರಿದುದರ ಗುರುತು. ಅವನು ಅವಳನ್ನು ಹಿಂಸಿಸಿ ಗುಡಿಸಲಲ್ಲಿ ಕೂಡಿಹಾಕಿ ಹೋದ.

ಹಾಡಿನ ಪಾಠ ಒಂದೊಂದು ಮೇಳದಲ್ಲಿ ಒಂದೊಂದು ಬಗೆ. ಆದರೂ ಒಂದು ಸಂಗತಿಯನ್ನು ತಾವು ಗಮನಿಸಬೇಕು. ಮಾದೇಶ್ವರನು ಬಂದು ಮೊದಲು ಮಾಡಿದ ಕೆಲಸ ಯಾವುದು? ‘ಅವನು ನಿನ್ನ ಗಂಡ, ಸೈರಿಸಿಕೋ’ ಎಂದು ಬೋಧಿಸಲಿಲ್ಲ. ಅವಳ ಕಟ್ಟು ಬಿಡಿಸಿದ. ಮಕ್ಕಳ ವರ ಕೊಟ್ಟದ್ದು ಆಮೇಲೆ. ಕಾರಯ್ಯ, ಬಿಲ್ಲಯ್ಯ ಎಂಬ ಆ ಮಕ್ಕಳನ್ನು ನೀವು ಬಲ್ಲಿರಿ. ಗಂಡನು ಹಿಂದಿರುಗಿ ಬಂದು ಮತ್ತೆ ಸಂಶಯಪಟ್ಟಾಗ ಆಕೆ ಪರೀಕ್ಷೆಗೆ ನಿಂತಳು, ಗೆದ್ದಳು. ಆ ಪರೀಕ್ಷೆ ನಮ್ಮ ಕಾಲಕ್ಕೆ ಮೇಲ್ಪಂಕ್ತಿಯಲ್ಲ. ತಪ್ಪು ಮಾಡಿದವನು ಪರೀಕ್ಷೆಗೆ ನಿಲ್ಲಬೇಕಲ್ಲದೆ ನೊಂದವಳಲ್ಲ. ಗಂಡಸು ನೊಂದಿದ್ದರೂ ನ್ಯಾಯ ಇದೇ.

ಇನ್ನು ಕೆಲವರ ಸಂದೇಹ: ‘ಬುದ್ಧೀ, ಕ್ಷಮಿಸಿದ ಮೇಲೆ ಮೊದಲಿನಂತೆಯೇ ಕೂಡಿ ಬಾಳಬೇಕೆ?’ ಇವು ಎರಡು ಬೇರೆ ಬೇರೆ ಕೆಲಸಗಳು. 1955ರ ಹಿಂದೂ ವಿವಾಹ ಕಾನೂನಿನ ವಿಷಯದಲ್ಲಿ 1975ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಬಿಡಿಸಿ ಹೇಳಿತು. ಮನ್ನಿಸುವುದೆಂದರೆ ಕ್ಷಮೆಯೂ ಇರಬೇಕು, ತಪ್ಪಿತಸ್ಥರನ್ನು ಮೊದಲಿನ ಸ್ಥಾನಕ್ಕೆ ತಂದುಕೊಳ್ಳುವುದೂ ಇರಬೇಕು. ಮುಂದೆ ಮತ್ತೆ ತಪ್ಪು ನಡೆದರೆ ಮನ್ನಿಸಿದ ಹಳೆಯ ತಪ್ಪೂ ಜೀವ ಪಡೆಯುತ್ತದೆ. ನ್ಯಾಯಾಧೀಶರ ಈ ಮಾತು ನಮಗೆ ಶಾಸ್ತ್ರಸಮ್ಮತವಾಗಿಯೇ ತೋರಿತು. ದ್ವೇಷವನ್ನು ಮನಸ್ಸಿನಿಂದ ಇಳಿಸುವುದು ಒಬ್ಬರ ಕೆಲಸ, ಅದನ್ನು ದೂರದಲ್ಲಿದ್ದೂ ಮಾಡಬಹುದು. ನಂಬಿಕೆಯನ್ನು ಮರಳಿ ಕಟ್ಟುವುದಕ್ಕೆ ಇಬ್ಬರೂ ಬೇಕು, ಮತ್ತು ಕಾಲ ಬೇಕು. ಅಕ್ಕಮಹಾದೇವಿ ಕೌಶಿಕನ ಅರಮನೆಯನ್ನು ಬಿಟ್ಟು ಹೊರಟಳು; ಆಕೆಯಲ್ಲಿ ಕ್ಷಮೆಯಿರಲಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಮನೆಯಲ್ಲಿ ಹೊಡೆತ ತಿನ್ನುತ್ತಿರುವವಳು 2005ರ ಕೌಟುಂಬಿಕ ಹಿಂಸೆಯ ಕಾನೂನಿನ ಆಸರೆ ಪಡೆದರೆ ಅದೂ ಅಧರ್ಮವಲ್ಲ.

ಮಠಕ್ಕೆ ಇಂಥ ದಂಪತಿಗಳನ್ನು ಕರೆತಂದು, ಪಾದಕ್ಕೆರಗಿಸಿ, ‘ಒಂದು ಮಾತು ಹೇಳಿ ಒಂದು ಮಾಡಿಬಿಡಿ’ ಎಂದು ಹಿರಿಯರು ಅವಸರಪಡಿಸುತ್ತಾರೆ. ನಾವು ವಿಭೂತಿ ಕೊಟ್ಟು, ಪ್ರಸಾದ ಮಾಡಿಸಿ, ಹಿರಿಯರನ್ನು ಹೊರಗೆ ಕೂರಿಸುತ್ತೇವೆ. ಆಮೇಲೆ ನೊಂದವರನ್ನು ಒಬ್ಬರನ್ನೇ ಕರೆದು, ಏನಾಯಿತೆಂದು ಪೂರ್ತಿ ಕೇಳುತ್ತೇವೆ. ಎಷ್ಟೋ ಜನಕ್ಕೆ ಅದನ್ನು ಯಾರೂ ಅದುವರೆಗೆ ಕೇಳಿರುವುದಿಲ್ಲ.